ಹುಚ್ಚಾಸ್ಪತ್ರೆಯಿಂದ ವಿದ್ಯಾಪೀಠದವರೆಗೆ: ಕನ್ನಡ ನಾಡಿನಲ್ಲಿ ಮಿದುಳಿನ ಶಾಸ್ತ್ರ

೧

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸುಶಿಕ್ಷಿತ ಮನೆತನಗಳಲ್ಲಿ ಮಗನಾಗಲಿ ಮಗಳಾಗಲಿ ವಿಜ್ಞಾನ ವಿಷಯಗಳನ್ನೋದಿ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೂಡಲೆ ಮುಂದಿನ ದಾರಿಯ ವಿಚಾರವು ಹುಟ್ಟುವುದು. ವೈದ್ಯನಾಗಬೇಕು, ಇಲ್ಲವೆ ಎಂಜಿನಿಯರನಾಗಬೇಕು, ಎರಡೂ ಕೈಗೂಡದಿದ್ದರೆ ಶಿಕ್ಷಕನಾಗಬೇಕು ಎಂಬ ಮೂರು ಮಾತುಗಳೊಳಗೆ ಆ ವಿಚಾರವು ಬಹುಕಾಲದಿಂದ ಸುತ್ತುತ್ತ ಬಂದಿರುವುದು. ಈಚೆಗೆ ಈ ಸುತ್ತಿನೊಳಕ್ಕೆ ಹೊಸದೊಂದು ಹೆಸರು ಬಂದು ಸೇರಿದೆ, ಅದೇ ನರವಿಜ್ಞಾನ. ಮಿದುಳು, ಬೆನ್ನುಹುರಿ, ನರಗಳು ಇವುಗಳ ರಚನೆ, ವ್ಯಾಪಾರ, ವಿಕಾರಗಳನ್ನು ವಿವೇಚಿಸುವ ಶಾಸ್ತ್ರವಿದು. ಇದನ್ನು ಎಲ್ಲಿ ಕಲಿಯಬೇಕು, ಎಷ್ಟು ವರ್ಷ ಕಲಿಯಬೇಕು, ಕಲಿತವರಿಗೆ ಯಾವ ಜೀವನೋಪಾಯವು ದೊರೆಯುವುದು ಎಂದು ತಾಯಿತಂದೆಗಳು ಕೇಳುವುದು ನ್ಯಾಯವಾದುದೇ. ಆದರೆ ವಿದ್ಯಾಪೀಠಗಳ ಪ್ರಕಟಣೆಗಳನ್ನು ತಿರುವಿಹಾಕಿದ ಮಾತ್ರಕ್ಕೆ ಇದಕ್ಕೆ ಪೂರ್ಣವಾದ ಉತ್ತರವು ದೊರೆಯಲಾರದು. ಈ ಶಾಸ್ತ್ರವು ಕನ್ನಡ ನಾಡಿನಲ್ಲಿ ಯಾವ ಅಗತ್ಯದಿಂದ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನು ಅರಿತವರಿಗೆ ಮಾತ್ರ ಅದರಲ್ಲಿ ತಮ್ಮ ಮಕ್ಕಳಿಗೆ ಯಾವ ಸ್ಥಾನವಿದೆ ಎಂಬುದು ಗೊತ್ತಾಗುವುದು.

ನರವಿಜ್ಞಾನವೆಂಬ ಹೆಸರು ಹೊಸದಾದರೂ ವಿಷಯವು ಹೊಸದಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದಕ್ಕೊಂದು ಅಧ್ಯಾಯ, ಅಪಸ್ಮಾರಕ್ಕೊಂದು ಅಧ್ಯಾಯ ಮೀಸಲಾಗಿವೆ. ಮನಸ್ಸಿನ ನೆಲೆಯು ಹೃದಯವೆಂದು ಬಹುಮಂದಿ ಪ್ರಾಚೀನರು ತಿಳಿದಿದ್ದರೂ ಭೇಲಸಂಹಿತೆಯು ಅದನ್ನು ತಲೆಗೂ ಅಂಗುಳಿಗೂ ನಡುವಿನ ಸ್ಥಾನದಲ್ಲಿರಿಸಿತು. ಅತ್ತ ಯವನ ದೇಶದಲ್ಲಿ ಹಿಪಾಕ್ರಟೀಸನ ಪರಂಪರೆಯ ವೈದ್ಯರು ಅಪಸ್ಮಾರವು ದೇವತೆಗಳ ಕೋಪದಿಂದ ಬರುವುದಲ್ಲ, ಮಿದುಳಿನಿಂದ ಬರುವುದು ಎಂದು ವಾದಿಸಿದರು. ಆದರೆ ಮಿದುಳಿನ ನಿಜವಾದ ಕಟ್ಟಡವು ಕಣ್ಣಿಗೆ ಬಿದ್ದುದು ಸೂಕ್ಷ್ಮದರ್ಶಕ ಯಂತ್ರವು ಬಂದ ಮೇಲೆಯೇ. ಇಟಲಿಯ ಗಾಲ್ಜಿಯು ನರಕೋಶಗಳಿಗೆ ಬಣ್ಣವೇರಿಸುವ ಬಗೆಯನ್ನು ಕಂಡುಹಿಡಿದನು. ಸ್ಪೇನ್ ದೇಶದ ಕಹಾಲನು ಅದನ್ನೇ ಬಳಸಿ, ಮಿದುಳು ಒಡೆಯದ ಬಲೆಯಲ್ಲ, ಬಿಡಿಬಿಡಿಯಾದ ಕೋಶಗಳ ಸಮುದಾಯವೆಂದು ತೋರಿಸಿಕೊಟ್ಟನು. ಇವರಿಬ್ಬರಿಗೂ ೧೯೦೬ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಟ್ಟರು. ಜರ್ಮನಿಯ ಹಾನ್ಸ್ ಬರ್ಗರನು ತಲೆಬುರುಡೆಯ ಮೇಲಿನಿಂದಲೇ ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ವಿಧಾನವನ್ನು ೧೯೨೯ರಲ್ಲಿ ಪ್ರಕಟಿಸಿದನು. ಪ್ರೌಢ ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳುಂಟೆಂದು ಇಂದಿನ ಎಣಿಕೆ. ದೇಹದ ತೂಕದಲ್ಲಿ ನೂರಕ್ಕೆ ೨ರಷ್ಟು ಮಾತ್ರವಿರುವ ಈ ಅಂಗವು ದೇಹವು ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ ೨೦ರಷ್ಟನ್ನು ತಾನೇ ಬಳಸಿಕೊಳ್ಳುವುದು.

ಇಷ್ಟಾದರೂ ೧೯೬೦ಕ್ಕೆ ಮೊದಲು ಜಗತ್ತಿನ ಯಾವ ವಿದ್ಯಾರ್ಥಿಯೂ ತಾನು ನರವಿಜ್ಞಾನವನ್ನು ಓದುತ್ತಿರುವೆನೆಂದು ಹೇಳುತ್ತಿರಲಿಲ್ಲ. ವೈದ್ಯನು ರೋಗವನ್ನು, ಪ್ರಾಣಿಶಾಸ್ತ್ರಜ್ಞನು ಕಪ್ಪೆಯ ನರವನ್ನು, ಮನಶ್ಶಾಸ್ತ್ರಜ್ಞನು ನೆನಪನ್ನು, ರಸಾಯನಶಾಸ್ತ್ರಜ್ಞನು ಔಷಧವನ್ನು ತಂತಮ್ಮ ಕೋಣೆಗಳಲ್ಲಿ ಕುಳಿತು ಅಭ್ಯಸಿಸುತ್ತಿದ್ದರು. ಅಮೆರಿಕೆಯ ಫ್ರಾನ್ಸಿಸ್ ಷ್ಮಿಟ್ ಎಂಬವರು ೧೯೬೨ರಲ್ಲಿ ಈ ಕೋಣೆಗಳ ನಡುವಣ ಗೋಡೆಗಳನ್ನು ಒಡೆಯಲು ಹೊರಟು ಸಂಶೋಧನ ಮಂಡಲವೊಂದನ್ನು ಕಟ್ಟಿದಾಗ ಈ ಹೆಸರು ಬಳಕೆಗೆ ಬಂದಿತು. ಕನ್ನಡ ನಾಡಿನಲ್ಲಾದರೋ ಈ ಗೋಡೆಗಳು ಬೇರೊಂದು ರೀತಿಯಲ್ಲಿ ಒಡೆದವು. ಅಲ್ಲಿ ಮೊದಲು ಇದ್ದುದು ಪ್ರಯೋಗಶಾಲೆಯಲ್ಲ. ಎತ್ತರವಾದ ಗೋಡೆಯುಳ್ಳ ಹುಚ್ಚಾಸ್ಪತ್ರೆ.

೨

ಬೆಂಗಳೂರಿನಲ್ಲಿ ಮೈಸೂರು ಕಮಿಷನರರ ಆಡಳಿತಕಾಲದಲ್ಲಿ, ೧೮೪೭ರಲ್ಲಿ, ಉನ್ಮತ್ತರಿಗಾಗಿ ಒಂದು ಆಶ್ರಯಸ್ಥಾನವು ಏರ್ಪಟ್ಟಿತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದಲೇ ಅಂಥದೇ ಒಂದು ಸ್ಥಾನವು ನಡೆದುಬಂದಿತು. ಗೋಕಾಕ, ಹುಕ್ಕೇರಿಗಳೂ ಅದೇ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದುದರಿಂದ ಈ ಸೀಮೆಯವರಿಗೆ ಬೆಂಗಳೂರು ಪರರಾಜ್ಯದ ಊರು. ಹತ್ತಿರದ ಸರಕಾರೀ ಆಸರೆಯು ಧಾರವಾಡವೇ. ೧೮೫೮ರ ಕಾಯಿದೆ, ಅದರ ಬಳಿಕ ೧೯೧೨ರ ಕಾಯಿದೆ, ಇವೆರಡೂ ರೋಗಿಯನ್ನು ಗುಣಪಡಿಸುವುದಕ್ಕಿಂತ ಅವನನ್ನು ಯಾರ ಆಜ್ಞೆಯ ಮೇಲೆ ಒಳಗಿರಿಸಬೇಕು, ಯಾರ ಆಜ್ಞೆಯ ಮೇಲೆ ಹೊರಗೆ ಬಿಡಬೇಕು ಎಂಬುದನ್ನೇ ಹೆಚ್ಚಾಗಿ ವಿಚಾರಿಸಿದವು. ಒಳಗೆ ಹೋದವನು ಹೊರಗೆ ಬಂದರೂ ಮನೆತನದ ಮೇಲಿನ ಕಳಂಕವು ಹೋಗುತ್ತಿರಲಿಲ್ಲ. ಧಾರವಾಡದ ಆಸ್ಪತ್ರೆಯ ಹೆಸರು ಸುತ್ತಣ ಹಳ್ಳಿಗಳಲ್ಲಿ ಹಾಸ್ಯದ ಮಾತಾಯಿತು; ಆ ಹಾಸ್ಯದಿಂದಾದ ನೋವು ಎಷ್ಟೆಂಬುದು ಮನೆಯಲ್ಲೊಬ್ಬ ರೋಗಿಯನ್ನು ಸಾಕಿದವರಿಗೇ ಗೊತ್ತು.

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಗಾಳಿಯು ಬದಲಾಯಿತು. ೧೯೨೫ರಲ್ಲಿ ಮೈಸೂರು ಸರಕಾರವು ಬೆಂಗಳೂರಿನ ಸ್ಥಾನಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. ಅಲ್ಲಿಗೆ ಬಂದವನು ಕೈದಿಯಲ್ಲ, ರೋಗಿ ಎಂಬ ಅಭಿಪ್ರಾಯವು ಆ ಹೆಸರಿನಲ್ಲಿದ್ದಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಊರ ಹೊರಗೆ ಹೊಸೂರು ರಸ್ತೆಯ ಬಳಿ ವಿಶಾಲವಾದ ಹೊಸ ಕಟ್ಟಡವೆದ್ದು, ೧೯೩೦ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆಯು ಅಲ್ಲಿಗೆ ಸಾಗಿತು.

ಇದೇ ವೇಳೆಗೆ ಮೈಸೂರಿನಲ್ಲಿ ಇನ್ನೊಂದು ಬೀಜವು ಮೊಳೆತಿದ್ದಿತು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದರು. ಭಾರತದಲ್ಲಿ ಕಲಕತ್ತೆಯನ್ನು ಬಿಟ್ಟರೆ ಮನಶ್ಶಾಸ್ತ್ರಕ್ಕೆ ಇಂಥ ಸ್ಥಾನವು ಮೊದಲು ದೊರೆತುದು ಮೈಸೂರಿನಲ್ಲಿಯೇ. ಸಾಹಿತ್ಯಾಭಿಮಾನಿಗಳಿಗೆ ಗೋಪಾಲಸ್ವಾಮಿಯವರ ಹೆಸರು ಪರಿಚಿತವಾಗಿರುವುದು ಬೇರೊಂದು ಕಾರಣದಿಂದ: ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ನಡೆಸಿ, ಮುಂದೆ ದೇಶಕ್ಕೆಲ್ಲ ಸಂದ 'ಆಕಾಶವಾಣಿ' ಎಂಬ ಹೆಸರನ್ನು ಮೊದಲು ಬಳಕೆಗೆ ತಂದವರು ಇವರೇ. ಕೇಳುವ ಕಿವಿ, ಗ್ರಹಿಸುವ ಮನಸ್ಸು, ಮಾತನ್ನು ದೂರಕ್ಕೊಯ್ಯುವ ವಿದ್ಯುತ್ತು ಈ ಮೂರರ ಮೇಲೂ ಒಬ್ಬರೇ ವಿದ್ವಾಂಸರು ಆಸಕ್ತಿಯಿರಿಸಿದುದು ಆಕಸ್ಮಿಕವಲ್ಲ. ಮಿದುಳಿನ ಶಾಸ್ತ್ರಕ್ಕೆ ಬೇಕಾದ ಮನೋಧರ್ಮವೇ ಅದು.

೩

ಈ ಎರಡು ಬೀಜಗಳನ್ನು ಒಂದೇ ಪಾತಿಯಲ್ಲಿ ನೆಟ್ಟವರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು. ೧೯೦೪ರಲ್ಲಿ ಜನಿಸಿದ ಇವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿಯೂ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸಿನಲ್ಲಿ ಅಡಾಲ್ಫ್ ಮೇಯರರ ಬಳಿಯೂ ಶಿಕ್ಷಣ ಪಡೆದು ಬಂದು, ಡಾಕ್ಟರ್ ಫ್ರಾಂಕ್ ನರೋನಾರ ತರುವಾಯ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. ರೋಗಿಯ ದೇಹ, ಅವನ ಮನೆ, ಅವನ ಬಾಳಿನ ಕಥೆ ಇವೆಲ್ಲವನ್ನೂ ಕೂಡಿಸಿ ನೋಡಬೇಕೆಂಬುದು ಮೇಯರರ ಪಾಠ. ಗೋವಿಂದಸ್ವಾಮಿಯವರು ಅದಕ್ಕೆ ಭಾರತೀಯ ದರ್ಶನಗಳ ವ್ಯಾಸಂಗವನ್ನೂ ಆಯುರ್ವೇದದ ಮೇಲಣ ಗೌರವವನ್ನೂ ಸೇರಿಸಿದರು.

ಆಯುರ್ವೇದದ ಮೇಲಣ ಈ ಗೌರವವು ಬರಿಯ ಅಭಿಮಾನದಿಂದ ಬಂದುದಲ್ಲ. ಕಲಕತ್ತೆಯ ಗಣನಾಥ ಸೇನ ಮತ್ತು ಕಾರ್ತಿಕಚಂದ್ರ ಬೋಸರು ೧೯೩೧ರಲ್ಲಿಯೇ ಸರ್ಪಗಂಧದ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುವುದೆಂದು ಬರೆದಿದ್ದರು. ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು ೧೯೩೭ರಲ್ಲಿ ನಸುಗುನ್ನಿಯ ಬೀಜದಿಂದ ಎಲ್-ಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇಪ್ಪತ್ತು ವರ್ಷಗಳ ಮೇಲೆ, ೧೯೫೭ರ ಸುಮಾರಿಗೆ, ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ಸರ್ಪಗಂಧದ ಸಾರವಾದ ರಿಸರ್ಪಿನ್ನನ್ನು ಪ್ರಾಣಿಗಳಿಗೆ ಕೊಟ್ಟಾಗ ಅವು ಅಲುಗಾಡದೆ ಬಿದ್ದುವು. ಎಲ್-ಡೋಪಾವನ್ನು ಕೊಟ್ಟಾಗ ಎದ್ದು ನಡೆದವು. ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯಕ್ಕೆ ಚಲನೆಯನ್ನು ನಡೆಸುವ ಕೆಲಸವಿದೆಯೆಂದು ಈ ಜಾಡಿನಿಂದಲೇ ತಿಳಿದುಬಂದಿತು. ಕೈನಡುಕದ ಪಾರ್ಕಿನ್ಸನ್ ರೋಗಕ್ಕೆ ಔಷಧವು ದೊರೆಯಿತು. ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನವು ಸಂದಿತು. ಹೊಲದ ಬೇಲಿಯ ಮೇಲೆ ಹಬ್ಬಿ, ಮೈಗೆ ತಾಕಿದರೆ ತುರಿಕೆ ತರುವ ಬಳ್ಳಿಯೊಂದರ ಬೀಜದಲ್ಲಿ ಇಷ್ಟು ದೊಡ್ಡ ವಿಷಯವು ಅಡಗಿದ್ದಿತು.

ಸ್ವಾತಂತ್ರ್ಯಕ್ಕೆ ಮುಂಚೆ ನೇಮಕವಾದ ಭೋರ್ ಸಮಿತಿಯು ೧೯೪೬ರ ತನ್ನ ವರದಿಯಲ್ಲಿ, ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ತಜ್ಞರ ಕೊರತೆಯು ವಿಪರೀತವಾಗಿರುವುದರಿಂದ ಅವರನ್ನು ತಯಾರುಮಾಡುವ ಶಿಕ್ಷಣಸ್ಥಾನವು ಅಗತ್ಯವೆಂದು ಹೇಳಿತು. ಅದರ ಫಲವಾಗಿ ೧೯೫೪ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಬಗಲಿನಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು; ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. ವೈದ್ಯರಿಗೊಂದು ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೆ ಮತ್ತೊಂದು ಡಿಪ್ಲೊಮಾ, ಅನಂತರ ದಾದಿಯರಿಗೆ ಮಗುದೊಂದು, ಹೀಗೆ ಪಾಠಗಳು ಮೊದಲಾದುವು. ವೈದ್ಯನಲ್ಲದವನಿಗೂ ಮೊದಲಿನಿಂದಲೇ ಪೀಠದಲ್ಲಿ ಎಡೆಯಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಇಂದು ಈ ಶಾಸ್ತ್ರದಲ್ಲಿ ಹಲವು ಬಗೆಯ ಉದ್ಯೋಗಗಳಿರುವುದಕ್ಕೆ ಮೂಲವು ಅಲ್ಲಿದೆ.

ಮಿದುಳಿನ ಶಸ್ತ್ರಚಿಕಿತ್ಸೆಯು ದಕ್ಷಿಣ ಭಾರತಕ್ಕೆ ಬಂದುದೂ ಇದೇ ಕಾಲದಲ್ಲಿ. ಮಾಂಟ್ರಿಯಾಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡರ ಬಳಿ ಕಲಿತ ಡಾಕ್ಟರ್ ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲನೆಯ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ ಆ ಕಾರ್ಯವನ್ನು ಕೈಗೊಂಡವರು ಡಾಕ್ಟರ್ ಆರ್. ಮಾರ್ತಾಂಡ ವರ್ಮರು. ಹುಚ್ಚಾಸ್ಪತ್ರೆಯೆಂಬ ಹೆಸರನ್ನು ಹೊತ್ತಿದ್ದ ಆವರಣಕ್ಕೆ ತಲೆಗೆ ಪೆಟ್ಟು ಬಿದ್ದವರು, ಗಡ್ಡೆಯಿದ್ದವರು, ಪಾರ್ಶ್ವವಾಯು ಬಡಿದವರು, ಕೈನಡುಕದವರು ಬರತೊಡಗಿದರು. ೧೯೭೪ರ ಡಿಸೆಂಬರಿನಲ್ಲಿ ಹಳೆಯ ಆಸ್ಪತ್ರೆಯೂ ಅಖಿಲ ಭಾರತ ಸಂಸ್ಥೆಯೂ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅರ್ಥಾತ್ ನಿಮ್ಹಾನ್ಸ್, ಅಸ್ತಿತ್ವಕ್ಕೆ ಬಂದಿತು. ವರ್ಮರು ಅದರ ಪ್ರಥಮ ನಿರ್ದೇಶಕರು. ನರವಿಜ್ಞಾನವೆಂಬ ಪದವು ಜಗತ್ತಿನಲ್ಲಿ ಹುಟ್ಟಿ ಹನ್ನೆರಡು ವರ್ಷಗಳಾಗುವಷ್ಟರಲ್ಲಿ ಕನ್ನಡ ನಾಡಿನ ಸಂಸ್ಥೆಯೊಂದರ ಹೆಸರಿನಲ್ಲಿ ಅದು ಸೇರಿದ್ದಿತು. ಈ ಸಂಸ್ಥೆಗೆ ೧೯೯೪ರಲ್ಲಿ ವಿಶ್ವವಿದ್ಯಾಲಯದ ಸ್ಥಾನವೂ ೨೦೧೨ರ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಸ್ಥಾನವೂ ದೊರೆತುವು. ೧೯೯೫ರಲ್ಲಿ ಅಲ್ಲಿ ಮಿದುಳಿನ ಭಂಡಾರವೊಂದು ಏರ್ಪಟ್ಟಿತು. ಗತಿಸಿದವರ ಮಿದುಳನ್ನು ಅವರ ಬಂಧುಗಳು ಸಂಶೋಧನೆಗಾಗಿ ದಾನಮಾಡುವುದರಿಂದಲೇ ಅದು ನಡೆಯುವುದು. ದುಃಖದ ಗಳಿಗೆಯಲ್ಲಿಯೂ ಇಂಥ ದಾನಕ್ಕೆ ಒಪ್ಪಿದ ಮನೆತನಗಳ ಹೆಸರು ಯಾವ ಶಿಲಾಫಲಕದ ಮೇಲೆಯೂ ಇರುವುದಿಲ್ಲ. ಆದರೆ ವಿದ್ಯಾರ್ಥಿಗಳಿಗೆ ಆ ದಾನವೇ ಪಾಠ.

೪

ಈ ಕಥೆಯು ಗೋಕಾಕ ಸೀಮೆಗೆ ಸಂಬಂಧಿಸುವುದು ೧೯೫೬ರ ನವೆಂಬರ್ ೧ರಿಂದ. ಅಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. ಬೆಂಗಳೂರು ಪರರಾಜ್ಯದ ಊರಾಗಿ ಉಳಿಯಲಿಲ್ಲ. ಏಕೀಕರಣದಿಂದಾದ ಲಾಭಗಳನ್ನು ಎಣಿಸುವಾಗ ಭಾಷೆ, ಸಾಹಿತ್ಯ, ನೀರಾವರಿಗಳನ್ನು ಎಲ್ಲರೂ ನೆನೆಯುವರು. ಒಂದು ಆಸ್ಪತ್ರೆಯೂ ಒಂದು ವಿದ್ಯಾಪೀಠವೂ ತಮ್ಮವಾದುದನ್ನು ನೆನೆಯುವವರು ಕಡಿಮೆ. ಆದರೆ ನಕ್ಷೆಯು ಬದಲಾದರೂ ದಾರಿಯ ಉದ್ದವು ಬದಲಾಗಲಿಲ್ಲ. ಗೋಕಾಕದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಗಿಲಾದ ದಾರಿ.

ಹಾಗೆಂದು ಈ ಸೀಮೆಯಲ್ಲಿ ವೈದ್ಯಸೇವೆಯ ಪರಂಪರೆಯೇ ಇರಲಿಲ್ಲವೆಂದು ತಿಳಿಯಲಾಗದು. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಡಾಕ್ಟರ್ ಕೊಕಟನೂರರೇ ಮೊದಲಾದವರ ಪರಿಶ್ರಮದಿಂದ ಸ್ವಾತಂತ್ರ್ಯಪೂರ್ವದಲ್ಲಿಯೇ ಕರ್ನಾಟಕ ಆರೋಗ್ಯಧಾಮವು ನೆಲೆಗೊಂಡಿತು. ಅಮೆರಿಕೆಯಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿತುಬಂದು ಹಿಂದುಸ್ಥಾನೀ ಸೇವಾದಳವನ್ನು ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರು ತಮ್ಮ ಬಾಳಿನ ಕೊನೆಯ ಕಾಲವನ್ನು ಕಳೆದುದು ಈ ಘಟಪ್ರಭಾದಲ್ಲಿಯೇ. ೧೯೭೫ರಲ್ಲಿ ಅವರು ತೀರಿಕೊಂಡರು. ದೊಡ್ಡ ಪಟ್ಟಣದಲ್ಲಿ ಅಥವಾ ಪರದೇಶದಲ್ಲಿ ಕಲಿತ ವಿದ್ಯೆಯನ್ನು ಸಣ್ಣ ಊರಿಗೆ ತರಬಹುದೆಂಬುದಕ್ಕೆ ಈ ಹೊಳೆಯ ದಂಡೆಯಲ್ಲಿಯೇ ನಿದರ್ಶನವಿದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯು ೧೯೬೩ರಲ್ಲಿ ಅದೇ ಊರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಅಂಥ ವಿದ್ಯಾಲಯವು ಆರಂಭವಾಗಿದ್ದಿತು. ಧಾರವಾಡದ ಹಳೆಯ ಆಸ್ಪತ್ರೆಯೂ ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯೆಂಬ ಹೆಸರಿನಿಂದ ಪಾಠ ಹೇಳುವ ಸ್ಥಾನವಾಗಿರುವುದು.

೫

ಆಸ್ಪತ್ರೆಯಿಂದ ಹೊರಟ ಕವಲು ಒಂದಾದರೆ, ಪ್ರಾಣಿಶಾಸ್ತ್ರ, ಭೌತಶಾಸ್ತ್ರಗಳಿಂದ ಬಂದ ಕವಲು ಮತ್ತೊಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಒಬೈದ್ ಸಿದ್ದಿಕಿಯವರು ೧೯೭೦ರ ದಶಕದಲ್ಲಿ ಅಮೆರಿಕೆಯ ಸೀಮರ್ ಬೆಂಜರರೊಡನೆ ಕೂಡಿ ಹಣ್ಣಿನ ನೊಣಗಳನ್ನು ಪರೀಕ್ಷಿಸಿದರು. ಕೆಲವು ತಳಿಯ ನೊಣಗಳು ಸುತ್ತಲಿನ ಶಾಖವು ಏರಿದೊಡನೆ ನಿಶ್ಚೇಷ್ಟಿತವಾಗಿ ಬೀಳುವುವು, ತಂಪಾದೊಡನೆ ಎದ್ದು ಹಾರುವುವು. ಒಂದು ಜೀನಿನಲ್ಲಾದ ದೋಷದಿಂದ ನರದ ವಿದ್ಯುತ್ಪ್ರವಾಹವು ಶಾಖದಲ್ಲಿ ನಿಂತುಹೋಗುವುದೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಸಿದ್ದಿಕಿಯವರು ೧೯೯೦ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ೧೯೦೯ರಷ್ಟು ಹಳೆಯದಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೦೯ರಲ್ಲಿ ನರವಿಜ್ಞಾನ ಕೇಂದ್ರವು ಆರಂಭವಾಯಿತು.

ನೊಣದ ಪರೀಕ್ಷೆಯಿಂದ ಮನುಷ್ಯನಿಗೇನು ಪ್ರಯೋಜನವೆಂದು ಕೇಳುವವರಿಗೆ ಕನ್ನಡ ನಾಡಿನದೇ ಆದ ಒಂದು ಉದಾಹರಣೆಯನ್ನು ಹೇಳಬಹುದು. ತಲೆಯ ಮೇಲೆ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಬೇಗಬೇಗನೆ ಸುರಿದುಕೊಂಡು ಎರೆದುಕೊಳ್ಳುವ ರೂಢಿ ಇಲ್ಲಿ ಮನೆಮನೆಯಲ್ಲಿದೆ. ಹಾಗೆ ಎರೆಯುವಾಗ ಕೆಲವು ಮಕ್ಕಳಿಗೂ ತರುಣರಿಗೂ ಮೂರ್ಛೆ ಬರುವುದುಂಟು. ಬೇರೆ ದೇಶಗಳಲ್ಲಿ ವಿರಳವಾದ ಈ ಬಿಸಿನೀರಿನ ಅಪಸ್ಮಾರವು ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿರುವುದನ್ನು ಡಾಕ್ಟರ್ ಕೆ. ಎಸ್. ಮಣಿಯವರು ೧೯೬೦ರ ದಶಕದ ಕೊನೆಯಿಂದ ವಿವರಿಸುತ್ತ ಬಂದರು. ನಿಮ್ಹಾನ್ಸಿನ ಡಾಕ್ಟರ್ ಪಿ. ಸತೀಶ್‌ಚಂದ್ರರು ಆ ಕಾರ್ಯವನ್ನು ಮುಂದುವರಿಸಿದರು. ನೀರಿನ ಬಿಸಿಯನ್ನು ಇಳಿಸುವುದು, ತಲೆಯ ಮೇಲೆ ಒಮ್ಮೆಲೆ ಸುರಿಯದಿರುವುದು, ಬೇಕಾದಲ್ಲಿ ವೈದ್ಯರು ಹೇಳಿದ ಗುಳಿಗೆಯನ್ನು ತೆಗೆದುಕೊಳ್ಳುವುದು, ಇಷ್ಟರಿಂದಲೇ ಅನೇಕರ ಬಾಧೆಯು ತಗ್ಗುವುದು. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು ಕಂಡು, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಅನುವಂಶಶಾಸ್ತ್ರಜ್ಞರು ನಿಮ್ಹಾನ್ಸಿನ ವೈದ್ಯರೊಡನೆ ಕೂಡಿ ಇದಕ್ಕೆ ಸಂಬಂಧಿಸಿದ ಜೀನುಗಳನ್ನು ಅರಸಿರುವರು. ನೊಣದ ನಿಶ್ಚೇಷ್ಟತೆಯೂ ಮಗುವಿನ ಮೂರ್ಛೆಯೂ ಒಂದೇ ಎಂದು ಇದರ ಅರ್ಥವಲ್ಲ. ಶಾಖ, ಜೀನು, ನರ ಇವುಗಳ ಸಂಬಂಧವನ್ನು ಹುಡುಕುವ ದೃಷ್ಟಿಯು ಮಾತ್ರ ಎರಡಕ್ಕೂ ಒಂದೇ. ಬಚ್ಚಲ ಮನೆಯ ರೂಢಿಯೊಂದನ್ನು ಅರ್ಥಮಾಡಿಕೊಳ್ಳಲು ವೈದ್ಯನೂ ಬೇಕು, ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ತಂತ್ರಜ್ಞನೂ ಬೇಕು, ಅನುವಂಶಶಾಸ್ತ್ರಜ್ಞನೂ ಬೇಕು, ರೋಗಿಯ ಮಾತನ್ನು ಅವನ ಭಾಷೆಯಲ್ಲಿಯೇ ಕೇಳಬಲ್ಲವನೂ ಬೇಕು.

ಹಳ್ಳಿಗಳೂ ಈ ಚರಿತ್ರೆಯಲ್ಲಿ ಪಾತ್ರ ವಹಿಸಿವೆ. ಮೈಸೂರು ಸೀಮೆಯ ಯಳಂದೂರಿನ ಹಳ್ಳಿಗಳಲ್ಲಿ ಮಣಿಯವರೂ ಅವರ ಸಂಗಡಿಗರೂ ನಡೆಸಿದ ಅಧ್ಯಯನವು ೨೦೦೧ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯಪತ್ರಿಕೆಯಾದ ಲ್ಯಾನ್ಸೆಟ್ಟಿನಲ್ಲಿ ಪ್ರಕಟವಾಯಿತು. ಅಗ್ಗವಾದ ಹಳೆಯ ಔಷಧಗಳನ್ನೇ ತಪ್ಪದೆ ಕೊಟ್ಟರೆ ಹಳ್ಳಿಯ ಮೂರ್ಛೆರೋಗಿಗಳಲ್ಲಿ ಬಹುಮಂದಿಯ ರೋಗವು ಹತೋಟಿಗೆ ಬರುವುದೆಂದು ಅದು ತೋರಿಸಿತು. ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ಐದು ವರ್ಷ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಮೊದಲಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೆಲ್ಲ ಮಾದರಿಯಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ೪೫ ವರ್ಷ ಮೀರಿದ ೧೦,೦೦೦ ಗ್ರಾಮಸ್ಥರನ್ನು ವರ್ಷವರ್ಷವೂ ಪರೀಕ್ಷಿಸಿ ಮುಪ್ಪಿನ ಮರೆವಿನ ಮೂಲವನ್ನು ಅರಿಯುವ ಗುರಿಯಿಟ್ಟುಕೊಂಡಿರುವರು.

೬

ಇಷ್ಟು ಚರಿತ್ರೆಯ ಬೆಳಕಿನಲ್ಲಿ ಮೊದಲಿನ ಪ್ರಶ್ನೆಯನ್ನು ನೋಡಬಹುದು. ವೈದ್ಯನ ದಾರಿಯು ಎಲ್ಲಕ್ಕಿಂತ ದೀರ್ಘವಾದುದು. ಎಂ.ಬಿ.ಬಿ.ಎಸ್. ಪದವಿಗೆ ಐದೂವರೆ ವರ್ಷ, ಎಂ.ಡಿ. ಅಥವಾ ಎಂ.ಎಸ್. ಪದವಿಗೆ ಮೂರು ವರ್ಷ, ಅದರ ಮೇಲೆ ನರರೋಗಶಾಸ್ತ್ರದ ಡಿ.ಎಂ. ಅಥವಾ ನರಶಸ್ತ್ರಚಿಕಿತ್ಸೆಯ ಎಂ.ಸಿಎಚ್. ಪದವಿಗೆ ಮೂರು ವರ್ಷ. ಅಂತೂ ಹನ್ನೊಂದೂವರೆ ವರ್ಷ, ಅದೂ ಒಂದು ಪರೀಕ್ಷೆಯಲ್ಲಿಯೂ ಒಂದು ಪ್ರವೇಶದಲ್ಲಿಯೂ ತಡವಾಗದಿದ್ದರೆ. ಮನೋರೋಗಶಾಸ್ತ್ರಕ್ಕೆ ಎಂ.ಡಿ. ಪದವಿಯೇ ಸಾಕಾಗುವುದು. ಸಂಶೋಧಕನ ದಾರಿಯು ಬೇರೆ: ಪ್ರಾಣಿಶಾಸ್ತ್ರ, ರಸಾಯನ, ಭೌತ, ಗಣಿತ, ಎಂಜಿನಿಯರಿಂಗ್ ಇವುಗಳಲ್ಲಿ ಯಾವುದನ್ನು ಓದಿದವನಾದರೂ ಪಿಎಚ್.ಡಿ.ಗೆ ಸೇರಬಹುದು. ಆದರೆ ಅದಕ್ಕೆ ಐದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು; ಅನಂತರವೂ ಕೆಲವು ವರ್ಷ ಪರಸ್ಥಳದಲ್ಲಿ ತಾತ್ಕಾಲಿಕವಾದ ಕೆಲಸದಲ್ಲಿರಬೇಕಾಗುವುದು. ಪ್ರಾಧ್ಯಾಪಕ ಸ್ಥಾನಗಳು ಕಡಿಮೆ, ಬಯಸುವವರು ಬಹಳ. ಇದನ್ನು ಮುಚ್ಚಿಟ್ಟು ತರುಣರನ್ನು ಹುರಿದುಂಬಿಸುವುದು ಹಿತೈಷಿಗಳ ಲಕ್ಷಣವಲ್ಲ.

ಮೂರನೆಯ ದಾರಿಯೊಂದುಂಟು, ಅದು ತಾಯಿತಂದೆಗಳ ಕಣ್ಣಿಗೆ ಬೀಳುವುದು ಅಪರೂಪ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪದವಿಪೂರ್ವ ತರಗತಿಯನ್ನು ಮುಗಿಸಿದವರು ನಾಲ್ಕು ವರ್ಷದಲ್ಲಿ ವಾಕ್ ಚಿಕಿತ್ಸಕರಾಗಬಹುದು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವನಿಗೆ ಮತ್ತೆ ಮಾತು ಕಲಿಸುವ ಕೆಲಸವು ಇವರದು. ಅಂಗಸಾಧನೆಯಿಂದ ಕೈಕಾಲುಗಳಿಗೆ ಬಲ ತರಿಸುವ ಫಿಜಿಯೋಥೆರಪಿ, ಮನೋರೋಗಿಗಳ ಶುಶ್ರೂಷೆ, ಮಿದುಳಿನ ವಿದ್ಯುಲ್ಲೇಖನ, ಚಿತ್ರಣಯಂತ್ರಗಳ ನಿರ್ವಹಣೆ, ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತವಾದ ಚಿಕಿತ್ಸಾಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ, ಇವೆಲ್ಲ ಈ ಶಾಸ್ತ್ರದ ಕೊಂಬೆಗಳೇ. ಇವುಗಳಲ್ಲಿ ಅನೇಕವು ನಾಲ್ಕೈದು ವರ್ಷಗಳಲ್ಲಿ ಜೀವನೋಪಾಯವನ್ನು ಕೊಡಬಲ್ಲವು. ಪಾರ್ಶ್ವವಾಯು ಬಡಿದ ಮುದುಕನಿಗೆ ಮೊದಲ ಕೆಲವು ಗಂಟೆಗಳಲ್ಲಿ ವೈದ್ಯನು ಬೇಕು. ಆಮೇಲಿನ ತಿಂಗಳುಗಳಲ್ಲಿ ಬೇಕಾದವರು ಇವರು. ಮೂಡಲಗಿಯ ಮನೆಯೊಂದು ವಾಕ್ ಚಿಕಿತ್ಸೆಗಾಗಿ ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿಬರಬೇಕಾದರೆ ಮೂರನೆಯ ವಾರಕ್ಕೆ ಹೋಗುವುದು ನಿಂತುಹೋಗುವುದು. ಮಾತು ಮರಳಬಹುದಾಗಿದ್ದ ಮನುಷ್ಯನು ಮೂಕನಾಗಿಯೇ ಉಳಿಯುವನು. ಆ ಚಿಕಿತ್ಸಕಿಯು ಅದೇ ಊರಿನವಳಾಗಿದ್ದು, ಅವನಾಡುವ ಕನ್ನಡವನ್ನೇ ಆಡುವವಳಾಗಿದ್ದರೆ ಫಲವು ಬೇರೆಯಾಗುವುದು.

ಕೊನೆಯದಾಗಿ ಭಾಷೆಯ ಮಾತು. ಶಾಸ್ತ್ರವು ಪ್ರಯೋಗಶಾಲೆಯಲ್ಲಿ ಇಂಗ್ಲಿಷಿನಲ್ಲಿ ನಡೆಯಬಹುದು. ರೋಗವು ಮನೆಯಲ್ಲಿ ಕನ್ನಡದಲ್ಲಿಯೇ ನಡೆಯುವುದು. 'ಕೊರವಂಜಿ'ಯನ್ನು ೧೯೪೨ರಲ್ಲಿ ಆರಂಭಿಸಿ ನಾಡನ್ನು ನಗಿಸಿದ ರಾಶಿ, ಅರ್ಥಾತ್ ಡಾಕ್ಟರ್ ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. ಮನಸ್ಸಿನ ವಿಕಾರಗಳನ್ನು ಕುರಿತ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರರು ಸಾಮಾನ್ಯ ಜನರಿಗಾಗಿ ಕನ್ನಡದಲ್ಲಿ ಬಹುಸಂಖ್ಯೆಯ ಪುಸ್ತಕಗಳನ್ನು ಬರೆದಿರುವರು. ೨೦೨೨ರಲ್ಲಿ ಮೊದಲಾದ ಟೆಲಿ-ಮಾನಸ್ ಸೇವೆಯಲ್ಲಿ ೧೪೪೧೬ಕ್ಕೆ ದೂರವಾಣಿ ಮಾಡಿದವರು ಕನ್ನಡದಲ್ಲಿಯೇ ತಮ್ಮ ಸಂಕಟವನ್ನು ಹೇಳಿಕೊಳ್ಳಬಹುದು. ಆದರೂ ಮೂರ್ಛೆ ಬಂದವನ ಕೈಗೆ ಕಬ್ಬಿಣ ಕೊಡುವವರು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವವರು, ಮೂರ್ಛೆಯ ಸಂಗತಿಯನ್ನು ಬಚ್ಚಿಟ್ಟು ಮಗಳ ಮದುವೆ ಮಾಡುವವರು ಇಲ್ಲವಾಗಿಲ್ಲ. ಅವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ; ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಎಷ್ಟು ಮಂದಿ ಎಂದು ಕೇಳಿಕೊಳ್ಳುವುದು ಕಷ್ಟ.

ಕನ್ನಡ ನಾಡಿನಲ್ಲಿ ಮಿದುಳಿನ ಶಾಸ್ತ್ರವನ್ನು ಕಟ್ಟಿದವರು ಮೊದಲು ರೋಗಿಯನ್ನು ಕಂಡರು, ಅವನಿಗಾಗಿ ಪೀಠವನ್ನು ಕಟ್ಟಿದರು. ಉದ್ಯೋಗಗಳು ಆ ಪೀಠದಿಂದ ಹುಟ್ಟಿದುವು. ಈ ಕ್ರಮವು ತಿರುಗುಮುರುಗಾಗಿ, ಉದ್ಯೋಗವನ್ನು ಮೊದಲು ಎಣಿಸಿ ರೋಗಿಯನ್ನು ಕೊನೆಗೆ ನೆನೆಯುವಂತಾದರೆ ವಿದ್ಯೆಯು ಬೆಳೆದೀತು, ಊರಿಗೆ ದಕ್ಕದು. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಈ ವಿದ್ಯೆಗೆ ಹೊರಡುವ ತರುಣ ತರುಣಿಯರು ಬೆಂಗಳೂರಿಗೆ ಹೋಗಲಿ, ಪರದೇಶಕ್ಕೂ ಹೋಗಲಿ. ಹೋಗದೆ ವಿದ್ಯೆಯು ಬಾರದು. ಆದರೆ ಹತ್ತು ಮಂದಿಯಲ್ಲಿ ಇಬ್ಬರಾದರೂ ಘಟಪ್ರಭೆಯ ದಂಡೆಗೆ ಮರಳಿ ಬರುವಂತೆ ಅವರಿಗೆ ಇಲ್ಲಿ ಸ್ಥಾನವನ್ನೂ ಸಾಧನವನ್ನೂ ಒದಗಿಸುವುದು ಈ ಸೀಮೆಯ ಸಂಘಸಂಸ್ಥೆಗಳ, ಆಸ್ಪತ್ರೆಗಳ, ಅನುಕೂಲಸ್ಥರ ಕರ್ತವ್ಯವಾಗಿರುವುದು. ಮಕ್ಕಳಿಗೆ ಶುಲ್ಕ ಕೊಟ್ಟು ಕಳಿಸುವುದರೊಂದಿಗೇ ಆ ಕರ್ತವ್ಯವು ತೀರುವುದಿಲ್ಲ.